ತಂತಿಯಲ್ಲಿ ಬರೆಯದೆ ಬಿಟ್ಟ ಮಾತು

ಕುಂದಾಪುರದ ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಗ್ರಾಮರ್ ಕಲಿಸುತ್ತಿದ್ದ ಕಾಲದಲ್ಲಿ ನನ್ನಷ್ಟು ಜಂಬದ ಮನುಷ್ಯ ಆ ಊರಲ್ಲಿ ಇನ್ನೊಬ್ಬನಿರಲಿಲ್ಲ. ವಯಸ್ಸು ಇಪ್ಪತ್ತೇಳೋ ಇಪ್ಪತ್ತೆಂಟೋ. ಯುದ್ಧ ನಡೆಯುತ್ತಿತ್ತು, ಅಕ್ಕಿಗೆ ಪರದಾಟ, ಸೀಮೆಎಣ್ಣೆಗೆ ಪರದಾಟ. ನಾನು ಮಾತ್ರ ಇಸ್ತ್ರಿ ಹಾಕಿದ ಕೋಟು ತೊಟ್ಟು, ಕುಂಭಾಶಿಯ ಮನೆಯಿಂದ ಸೈಕಲ್ ತುಳಿದು ಬಂದು, ಹುಡುಗರಿಗೆ ವಾಕ್ಯಗಳನ್ನು ಕೊಯ್ದು ತೋರಿಸುತ್ತಿದ್ದೆ.

ಕೊಯ್ಯುವುದೆಂದರೆ ಅನಾಲಿಸಿಸ್. ಬೋರ್ಡಿನ ಮೇಲೆ ಕೋಷ್ಟಕ ಎಳೆದು ಕರ್ತೃವನ್ನು ಒಂದು ಮನೆಯಲ್ಲಿ, ಕ್ರಿಯಾಪದವನ್ನು ಒಂದು ಮನೆಯಲ್ಲಿ, ಕರ್ಮವನ್ನು ಒಂದು ಮನೆಯಲ್ಲಿ ಕೂರಿಸುವ ಕೆಲಸ. ಕೆಲವು ವಾಕ್ಯಗಳಲ್ಲಿ ಒಂದು ಮನೆ ಖಾಲಿ ಉಳಿಯುತ್ತದೆ. 'ಇಲ್ಲಿ ಬಾ' ಎಂದರೆ ಬರಬೇಕಾದವನು ಯಾರು? 'ನೀನು' ಎಂಬ ಪದ ಅಲ್ಲಿಲ್ಲ, ಆದರೆ ಇದೆ. ಹಾಗೆ ಬಿಟ್ಟುಹೋದ ಪದಕ್ಕೆ ಎಲಿಪ್ಸಿಸ್ ಎನ್ನುತ್ತಾರೆ, ಕೋಷ್ಟಕದಲ್ಲಿ ಆ ಪದವನ್ನು ಬರೆದು ಪಕ್ಕದಲ್ಲಿ 'ಅಂಡರ್‌ಸ್ಟುಡ್' ಎಂದು ಸೇರಿಸಬೇಕು. ನನಗೆ ಈ ಪಾಠವೆಂದರೆ ಪಂಚಪ್ರಾಣ. ಇನ್ಸ್‌ಪೆಕ್ಟರು ಬಂದ ದಿನ ಬೇಕೆಂದೇ ಇದನ್ನೇ ಎತ್ತಿಕೊಳ್ಳುತ್ತಿದ್ದೆ.

ಹುಡುಗರಿಗೆ ನಾನು ಕೊಡುತ್ತಿದ್ದ ಉದಾಹರಣೆ ಕನ್ನಡದಲ್ಲೂ ನಡೆಯುತ್ತದೆ. 'ಕೆಲವರು ಚಹಾ ಕುಡಿದರು, ಕೆಲವರು ಕಾಫಿ.' ಎರಡನೆಯ ಅರ್ಧದಲ್ಲಿ ಕ್ರಿಯಾಪದವೇ ಇಲ್ಲ. ಹಾಗಂತ ಕಾಫಿಯನ್ನು ಅವರು ತಲೆಗೆ ಸುರಿದುಕೊಂಡರೋ ಏನೋ ಎಂದು ಯಾರೂ ಕೇಳುವುದಿಲ್ಲ. ಮೊದಲ ಅರ್ಧದ 'ಕುಡಿದರು' ಎದ್ದು ಬಂದು ಎರಡನೆಯದರಲ್ಲಿ ಕೂರುತ್ತದೆ. ಈಗಷ್ಟೇ ಹೇಳಿದ್ದನ್ನು ಬಿಡಬಹುದು, ಎಲ್ಲೂ ಹೇಳದೆ ಇರುವುದನ್ನು ಬಿಡುವಂತಿಲ್ಲ. ಕೇಳುವವನ ಕೈಗೆ ಎಟಕುವ ಹಾಗಿದ್ದರೆ ಮಾತ್ರ ಬಿಟ್ಟದ್ದಕ್ಕೆ ಅರ್ಥ. 'ಅವಳು ನನ್ನನ್ನು ನಿನಗಿಂತ ಹೆಚ್ಚು ಪ್ರೀತಿಸುತ್ತಾಳೆ' ಎಂದು ಬರೆದು, ಇಲ್ಲಿ ಬಿಟ್ಟುಹೋದದ್ದು ಏನು ಎಂದು ಕೇಳುತ್ತಿದ್ದೆ. ನೀನು ಪ್ರೀತಿಸುವುದಕ್ಕಿಂತಲೋ, ನಿನ್ನನ್ನು ಪ್ರೀತಿಸುವುದಕ್ಕಿಂತಲೋ? ಪ್ರೀತಿ ಎಂಬ ಶಬ್ದಕ್ಕೇ ಹುಡುಗರು ಕಿಸಕ್ಕೆಂದು ನಗುತ್ತಿದ್ದರು. ನಾನು ಡಸ್ಟರಿನಿಂದ ಮೇಜು ಕುಟ್ಟುತ್ತಿದ್ದೆ.

ನಮ್ಮ ಹೆಡ್‌ಮಾಸ್ತರರಿಗೂ ನನಗೂ ಇದರ ಮೇಲೆ ದಿನಾ ವಾಗ್ವಾದ. ಅವರು ಮದರಾಸಿನಲ್ಲಿ ಓದಿ ಬಂದವರು. ಬಿಟ್ಟ ಪದ ವಾಕ್ಯದೊಳಗೇ ಇರುತ್ತದೆ, ಬಾಯಿಗೆ ಬರುವುದಿಲ್ಲ ಅಷ್ಟೆ ಎಂದು ಅವರ ವಾದ. ಇಲ್ಲದ ಪದ ಇಲ್ಲವೇ ಇಲ್ಲ, ಕೇಳುವವನು ತನ್ನಲ್ಲಿರುವುದನ್ನು ತಂದು ತುಂಬಿಕೊಳ್ಳುತ್ತಾನೆ ಎಂದು ನನ್ನ ವಾದ. ಹಾಗಾದರೆ ಇಬ್ಬರು ಎರಡು ಬಗೆಯಾಗಿ ತುಂಬಿಕೊಂಡರೆ ಏನು ಗತಿ ಎಂದು ಅವರು ಕೇಳಿದರೆ, ಬುದ್ಧಿಯಿದ್ದವರು ಹಾಗೆ ಮಾಡುವುದಿಲ್ಲ ಎನ್ನುತ್ತಿದ್ದೆ. ಪಂಡಿತರ ನಡುವೆ ಆ ಜಗಳ ಈಗಲೂ ಮುಗಿದಿಲ್ಲವೆಂದು ಕೇಳಿದ್ದೇನೆ. ನನಗೆ ಆಸಕ್ತಿ ಹೋಗಿದೆ.

ಅಂದು ಆಸಕ್ತಿ ಇತ್ತು. ಬೀದಿಯಲ್ಲಿ ಜನ ಮಾತಾಡುವುದನ್ನೂ ಕೋಷ್ಟಕಕ್ಕೆ ಹಾಕಿ ನೋಡುತ್ತಿದ್ದೆ. "ಹ್ವಾಯ್, ಎಲ್ಲಿಗೆ?" "ಪ್ಯಾಟಿಗೆ." "ಬಪ್ದ್?" "ಮಧ್ಯಾಹ್ನ." ನಾಲ್ಕು ತುಂಡು, ಒಂದರಲ್ಲೂ ಪೂರ್ತಿ ವಾಕ್ಯವಿಲ್ಲ, ಇಬ್ಬರಿಗೂ ಎಲ್ಲ ತಿಳಿದುಹೋಯಿತು. ನಮ್ಮಲ್ಲಿ ಬರುತ್ತೇನೆ ಎನ್ನಲು 'ಬತ್ತೆ' ಎಂದರೆ ಸಾಕು, ನಾನು ಎಂಬುದು ಕ್ರಿಯಾಪದದ ಬಾಲದಲ್ಲೇ ಇರುತ್ತದೆ. ಇಂಗ್ಲಿಷಿನಲ್ಲಿ ಆ ಬಾಲವಿಲ್ಲ, ಆದ್ದರಿಂದ ಕರ್ತೃವನ್ನು ಬಿಡುವಾಗ ಅವರು ಹುಷಾರಾಗಿರಬೇಕು. ಬಿಡುವುದರಲ್ಲಿ ನಮ್ಮವರಷ್ಟು ಗಟ್ಟಿಗರು ಯಾರೂ ಇಲ್ಲ ಎಂದು ಹೆಮ್ಮೆಪಟ್ಟುಕೊಳ್ಳುತ್ತಿದ್ದೆ.

ಈ ವಿದ್ಯೆಯಿಂದಾಗಿ ನನಗೆ ಇನ್ನೊಂದು ಕೆಲಸ ಅಂಟಿಕೊಂಡಿತು. ಆಗ ನಮ್ಮ ಕಡೆಯ ಮನೆಮನೆಯಿಂದ ಒಬ್ಬನಾದರೂ ಬೊಂಬಾಯಿಯಲ್ಲಿದ್ದ. ಹೋಟೆಲಿನಲ್ಲೋ, ಗಿರಣಿಯಲ್ಲೋ, ಹಡಗುಕಟ್ಟೆಯಲ್ಲೋ. ಮನೆಯಲ್ಲಿ ಏನಾದರೂ ಆದರೆ ತಂತಿ ಕೊಡಬೇಕು, ತಂತಿಗೆ ಇಂಗ್ಲಿಷ್ ಬೇಕು, ಇಂಗ್ಲಿಷಿಗೆ ಮಾಸ್ತರು ಬೇಕು. ಶಾಲೆ ಬಿಟ್ಟ ಮೇಲೆ ಗೇಟಿನ ಹತ್ತಿರ ಯಾರಾದರೂ ನಿಂತಿದ್ದಾರೆ ಎಂದರೆ ಎಲ್ಲೋ ಒಂದು ಮನೆ ಮುಳುಗಿದೆ ಎಂದೇ ಲೆಕ್ಕ.

ಮೊದಲು ಬಂದವರು ತ್ರಾಸಿಯ ಕಡೆಯ ಮೀನುಗಾರರ ಮನೆಯವರು. ಹಿಂದಿನ ದಿನ ಯಜಮಾನ ತೀರಿಕೊಂಡಿದ್ದ, ಮಗ ಬೊಂಬಾಯಿಯಲ್ಲಿದ್ದ. ನಾನು ಫಾರ್ಮು ತೆಗೆದುಕೊಂಡು 'ತಂದೆ ತೀರಿಕೊಂಡರು' ಎಂಬುದನ್ನು ಎರಡು ಪದದಲ್ಲಿ ಬರೆದು ಓದಿ ಹೇಳಿದೆ. ಸತ್ತವನ ತಮ್ಮ, ಅರವತ್ತರ ಮುದುಕ, ನನ್ನ ಕೈ ಹಿಡಿದುಬಿಟ್ಟ.

"ಹಾಂಗ್ ಬರೂದ್ ಬ್ಯಾಡ ಮಾಸ್ಟ್ರೆ. ಸೀರಿಯಸ್ ಅಂದೇಳಿ ಬರೀನಿ. ಕೂಡ್ಲೆ ಹೊರಡ್ ಅಂದೇಳಿ."

"ಸತ್ತವರನ್ನು ಕಾಯಿಲೆ ಅಂತ ಬರೆಯುವುದೆ? ಸುಳ್ಳಾಗುತ್ತದಲ್ಲ."

"ಸುಳ್ಳಾಯ್ಲಿ. ಸತ್ತ ಅಂದ್ರೆ ಅಲ್ಲೇ ಎದಿ ಒಡ್ಕಂತ. ದಾರಿಯಂಗೆ ಅವ್ನ ಹಿಡ್ಕಂಬ್ದ್ ಯಾರ್? ಇಲ್ಲ್ ಬಂದ್ ಮೇಲೆ ನಾವಿತ್ತಲ್ಲೆ."

ನನಗೆ ಸಿಟ್ಟು ಬಂದರೂ ಹಾಗೆಯೇ ಬರೆದೆ. ಆಮೇಲೆ ತಿಳಿಯಿತು, ಇದು ಅವರೊಬ್ಬರ ಮಾತಲ್ಲ. ಶಂಕರನಾರಾಯಣ ಊರಿನ ಭಟ್ಟರು ಬಂದರೂ ಅದನ್ನೇ ಹೇಳಿದರು, ಬ್ರಹ್ಮಾವರದ ಅಂಗಡಿಯವರು ಬಂದರೂ ಅದನ್ನೇ. ಊರಿಗೆ ಊರೇ ಸಾವಿಗೆ ಸಾವೆನ್ನುವುದಿಲ್ಲ. ಎರಡು ವರ್ಷದಲ್ಲಿ ನಾನು ಅಂಥ ತಂತಿ ಇಪ್ಪತ್ತೈದು ಮೂವತ್ತಾದರೂ ಬರೆದಿರಬೇಕು. ಬೊಂಬಾಯಿಯಿಂದ ರಜೆಯಲ್ಲಿ ಬಂದವನೊಬ್ಬ ನಗುತ್ತಾ ಹೇಳಿದ, ಅಲ್ಲಿ ನಮ್ಮವರು 'ಸೀರಿಯಸ್' ಎಂಬ ತಂತಿ ಕಂಡ ಕೂಡಲೇ ಓದುವುದನ್ನು ನಿಲ್ಲಿಸಿ ನಲ್ಲಿಯ ಕೆಳಗೆ ತಲೆ ಕೊಡುತ್ತಾರಂತೆ. ಸೂತಕದ ಸ್ನಾನ. ನನಗೆ ಅದು ಬಹಳ ರುಚಿಸಿತು. ಬರೆಯದ ಮಾತನ್ನು ಐನೂರು ಮೈಲಿ ದೂರದಲ್ಲಿ ಕೂತವರು ಹೇಗೆ ತಪ್ಪದೆ ತುಂಬಿಕೊಳ್ಳುತ್ತಾರೆ ನೋಡಿ ಎಂದು ಹೆಡ್‌ಮಾಸ್ತರರ ಮುಂದೆ ಹೇಳಿಕೊಂಡೆ. ಹಾಗಿದ್ದರೆ ನಿಜವಾಗಿ ಕಾಯಿಲೆ ಬಿದ್ದವರಿಗೆ ಏನೆಂದು ಬರೆಯುವುದು ಎಂಬ ಪ್ರಶ್ನೆ ನನಗೂ ಹೊಳೆಯಲಿಲ್ಲ, ಅವರಿಗೂ ಹೊಳೆಯಲಿಲ್ಲ.

ಈಗ ಅಣ್ಣಯ್ಯನ ವಿಷಯ ಹೇಳಬೇಕು. ಅವನು ನನಗಿಂತ ಆರು ವರ್ಷ ದೊಡ್ಡವನು. ಅಪ್ಪ ಹೋದ ಮೇಲೆ ಮನೆ ನಿಂತದ್ದು ಅವನಿಂದ, ನಾನು ಓದಿದ್ದೂ ಅವನಿಂದ. ಅಮ್ಮ ತನ್ನ ಅಣ್ಣನಿಗೆ ಮಾತು ಕೊಟ್ಟಿದ್ದಳು, ನಿನ್ನ ಮಗಳನ್ನು ನನ್ನ ದೊಡ್ಡ ಮಗನಿಗೆ ತರುತ್ತೇನೆ ಎಂದು. ಬಾಲ್ಯದಿಂದ ಒಂದೇ ಜಗಲಿಯಲ್ಲಿ ಆಡಿದವಳನ್ನು ಮದುವೆಯಾಗಲಾರೆ ಎಂದು ಅಣ್ಣಯ್ಯ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟ. ಆ ಹುಡುಗಿಗೆ ಬೇರೆ ಕಡೆ ಮದುವೆಯಾಯಿತು, ಮಾವ ನಮ್ಮ ಮನೆಗೆ ಬರುವುದನ್ನು ನಿಲ್ಲಿಸಿದ. ಅಮ್ಮನಿಗೆ ತವರೇ ಇಲ್ಲದಂತಾಯಿತು. ಅಣ್ಣಯ್ಯ ಬೊಂಬಾಯಿಗೆ ಹೊರಟು ನಿಂತ ದಿನ ಅವಳು ಹೊಸಿಲಿನ ಒಳಗೆ ನಿಂತು ಹೇಳಿದಳು: "ಹೋಪ್ದಾರೆ ಹೋಗ್. ನಾ ಸತ್ರೂ ನನ್ ಮುಖ ಕಾಂಬುಕೆ ಬಪ್ದ್ ಬ್ಯಾಡ."

ಅವನು ಹೋದ. ಅಲ್ಲಿ ಒಂದು ಗಿರಣಿಯ ಆಫೀಸಿನಲ್ಲಿ ಗುಮಾಸ್ತನಾದ. ಐದು ವರ್ಷ ಕಾಗದ ಬರೆದದ್ದೆಲ್ಲ ನನಗೆ. ಪ್ರತಿ ಕಾಗದದ ಕೊನೆಗೆ 'ಅಮ್ಮನ ಆರೋಗ್ಯ ತಿಳಿಸು' ಎಂದಿರುತ್ತಿತ್ತು. ನಾನು ಅದನ್ನು ಗಟ್ಟಿಯಾಗಿ ಓದುತ್ತಿದ್ದೆ. ಅಮ್ಮ ಕೇಳಿಸದವಳ ಹಾಗೆ ಅಕ್ಕಿ ಕೇರುತ್ತಾ ಕೂತಿರುತ್ತಿದ್ದಳು.

ಆ ವರ್ಷ ಮಾಘದ ಹೊತ್ತಿಗೆ ಅವಳು ಹಾಸಿಗೆ ಹಿಡಿದಳು. ಹೊಟ್ಟೆಯಲ್ಲಿ ಗಡ್ಡೆ ಎಂದರು ವೈದ್ಯರು. ಕುಂದಾಪುರದಿಂದ ಡಾಕ್ಟರನ್ನೂ ಕರೆತಂದೆ. ಅವರು ಅಂಗಳಕ್ಕೆ ಬಂದ ಮೇಲೆ, ನೋಡಬೇಕಾದವರಿದ್ದರೆ ಕರೆಸಿಬಿಡಿ, ಹತ್ತು ಹನ್ನೆರಡು ದಿನಕ್ಕೆ ಮೋಸವಿಲ್ಲ, ಅದರ ಮೇಲೆ ನಾನು ಹೇಳಲಾರೆ ಎಂದರು. ಒಳಗೆ ಹೋದರೆ ಅಮ್ಮ ಕಣ್ಣು ಬಿಟ್ಟುಕೊಂಡು ಮಲಗಿದ್ದಳು. ಡಾಕ್ಟರು ಏನೆಂದರು ಎಂದು ಕೇಳಲಿಲ್ಲ.

"ದೊಡ್ಡವ್ನಿಗ್ ಬರಿ," ಎಂದಳು. "ಬಪ್ಪುಕ್ ಹೇಳ್."

"ತಂತಿ ಕೊಡ್ತೆ ಅಮ್ಮ."

"ಬರೇ ಬಪ್ಪುಕ್ ಹೇಳ್ರೆ ಸಾಲ. ಅವತ್ತ್ ಹೇಳದ್ ಮಾತ್ ನಾನ್ ಹಿಂದಕ್ ತಕಂಡೆ ಅಂದೇಳಿ ಬರಿ. ಅದ್ನ ಬರೀದಿದ್ರೆ ಅವ ಬತ್ತಿಲ್ಲ. ನಂಗ್ ಗೊತ್ತಿತ್ತ್, ಅವ ನನ್ ಮಗ."

ಬರೆಯುತ್ತೇನೆ ಎಂದೆ. ಅದು ಶುಕ್ರವಾರ ಬೆಳಿಗ್ಗೆ. ಮನೆಯಲ್ಲಿದ್ದವರು ನಾನು, ನನ್ನ ಹೆಂಡತಿ, ಅಪ್ಪನ ಅಕ್ಕ. ಅತ್ತೆ ವಿಧವೆ, ಎಪ್ಪತ್ತು ದಾಟಿದವಳು, ಮನೆಯ ಶಾಸ್ತ್ರ ಸಂಪ್ರದಾಯವೆಲ್ಲ ಅವಳ ನಾಲಿಗೆಯ ಮೇಲೆ. ಜಗಲಿಯಲ್ಲಿ ಕೂತು ಕಾಗದದ ಮೇಲೆ ಕರಡು ಬರೆದೆ. 'ಅಮ್ಮ ಬದುಕಿದ್ದಾಳೆ, ಕಾಯಿಲೆ ಹೆಚ್ಚು, ಆಡಿದ ಮಾತು ಹಿಂದಕ್ಕೆ ತೆಗೆದುಕೊಂಡಿದ್ದಾಳೆ, ಕೂಡಲೇ ಬಾ.' ನೋಡಿ, ನನಗೆ ಗೊತ್ತಿತ್ತು. 'ಬದುಕಿದ್ದಾಳೆ' ಎಂದು ಬರೆಯಬೇಕೆಂದು ಆ ಮೊದಲ ಕ್ಷಣಕ್ಕೆ ನನಗೆ ಗೊತ್ತಿತ್ತು. ಅತ್ತೆ ಏನು ಬರೆದೆ ಎಂದು ಕೇಳಿದಳು, ಓದಿ ಹೇಳಿದೆ.

"ಥೂ, ಬದ್ಕಿತ್ತ್ ಅಂದೇಳಿ ಯಾರಾರೂ ಬರೀತ್ರಾ? ಮಲ್ಕಂಡರ್ ಕಿವಿಗ್ ಬಿದ್ರೆ ಎಂತ ಆತ್ತ್? ಅಳ್ಸ್ ಅದ್ನ."

ಬೇರೆ ದಿನವಾಗಿದ್ದರೆ ಅತ್ತೆಗೆ ಎದುರಾಡುತ್ತಿದ್ದೆ. ಅವಳ ಮಡಿ ಮೈಲಿಗೆಗಳನ್ನು ನಾನು ಆಡಿಕೊಂಡು ನಕ್ಕವನೇ. ಆದರೆ ಆ ಹೊತ್ತು ನನ್ನೊಳಗಿನ ಮಾಸ್ತರು ಅವಳ ಪಕ್ಷ ವಹಿಸಿದ. ಕಾಯಿಲೆ ಎಂದ ಮೇಲೆ ಬದುಕಿದ್ದಾಳೆ ಎಂದೇ ಅರ್ಥವಲ್ಲವೇ, ಸತ್ತವರಿಗೆ ಕಾಯಿಲೆ ಎಲ್ಲಿಂದ ಬರುತ್ತದೆ, ಆ ಪದ ಹೆಚ್ಚಾಯಿತು ಎಂದು ಹೊಡೆದುಹಾಕಿದೆ. ಒಂದನ್ನು ಹೊಡೆದ ಕೈ ಅಲ್ಲಿಗೇ ನಿಲ್ಲಲಿಲ್ಲ. ಮನೆಗೆ ಬಾ ಎಂದು ಕರೆಯುತ್ತಿದ್ದೇವೆ ಎಂದರೆ ಬರಬೇಡ ಎಂದ ಮಾತು ತಾನಾಗಿಯೇ ಹೋಯಿತು, ಅದನ್ನು ಬೇರೆ ಬಿಡಿಸಿ ಹೇಳುವುದೇನು, ಅದೂ ತಂತಿ ಆಫೀಸಿನ ಗುಮಾಸ್ತರ ಮುಂದೆ ನಮ್ಮ ಮನೆಯ ಜಗಳ ಯಾಕೆ ಎಂದುಕೊಂಡೆ. ಸೈಕಲ್ ಹತ್ತಿ ಕುಂದಾಪುರಕ್ಕೆ ಹೋಗಿ, ಕೈಗೆ ಅಭ್ಯಾಸವಾಗಿದ್ದ ನಾಲ್ಕು ಪದ ಬರೆದೆ. ಮದರ್ ಸೀರಿಯಸ್ ಸ್ಟಾರ್ಟ್ ಇಮ್ಮೀಡಿಯಟ್ಲಿ. ಬೇರೆಯವರಿಗಾಗಿ ಎಷ್ಟೋ ಸಲ ಬರೆದ ಪದಗಳು. ಅವು ಅಲ್ಲಿಯವರೆಗೆ ಏನು ಹೇಳಿದ್ದವು ಎಂಬುದು ನನ್ನ ತಲೆಗೆ ಬರಲಿಲ್ಲ ಎಂದರೆ ನೀವು ನಂಬುವುದಿಲ್ಲ. ನಾನೂ ಎಷ್ಟೋ ವರ್ಷ ನಂಬಲಿಲ್ಲ.

ಮನೆಗೆ ಬಂದಾಗ ಅಮ್ಮ ಕೇಳಿದಳು, "ನಾ ಹೇಳದ್ ಬರ್ದ್ಯಾ?"

"ಬರ್ದೆ."

"ಹಿಂದಕ್ ತಕಂಡೆ ಅಂಬ್ದ್?"

"ಅದೂ ಬರ್ದೆ ಅಮ್ಮ."

ಅವಳ ಮುಖ ಸಡಿಲವಾದದ್ದನ್ನು ಕಂಡೆ. ಅಂದು ಮಧ್ಯಾಹ್ನ ಎರಡು ಸೌಟು ಗಂಜಿ ಹೆಚ್ಚು ಕುಡಿದಳು. ಮಂಚವನ್ನು ಒಳಗಿನ ಕೋಣೆಯಿಂದ ಚಾವಡಿಗೆ ತರಿಸಿ, ಬೇಲಿಯ ಬಾಗಿಲಾದ ದಣಪೆ ಕಾಣುವ ಹಾಗೆ ಹಾಕಿಸಿಕೊಂಡಳು. ಬೊಂಬಾಯಿಯಿಂದ ಬರುವುದೆಂದರೆ ಆಗ ಮೂರು ನಾಲ್ಕು ದಿನದ ದಾರಿ. ಯುದ್ಧದಿಂದಾಗಿ ಹಡಗು ನಿಂತಿತ್ತು. ಹುಬ್ಬಳ್ಳಿಯವರೆಗೆ ರೈಲು, ಅಲ್ಲಿಂದ ಘಟ್ಟ ಇಳಿದು ಇದ್ದಿಲ ಗ್ಯಾಸಿನಲ್ಲಿ ಏದುಸಿರು ಬಿಡುತ್ತಾ ಓಡುವ ಬಸ್ಸು, ನಡುವೆ ಒಂದೊಂದು ಹೊಳೆಗೂ ಇಳಿದು ದೋಣಿ, ಭಟ್ಕಳ, ಬೈಂದೂರು, ಕುಂದಾಪುರ. ತಂತಿ ಶನಿವಾರ ಮುಟ್ಟಿದರೆ ಬುಧವಾರ ಗುರುವಾರದೊಳಗೆ ಬರಬಹುದೆಂದು ಲೆಕ್ಕ ಹಾಕಿದೆವು. ಸೋಮವಾರ ಅಣ್ಣಯ್ಯನ ಉತ್ತರ ಬಂತು. ಎರಡೇ ಪದ: ಶನಿವಾರ ಮುಟ್ಟುತ್ತೇನೆ.

ಶನಿವಾರವೇಕೆ? ರಜೆ ಸಿಕ್ಕಿರಲಿಕ್ಕಿಲ್ಲ ಎಂದಳು ಹೆಂಡತಿ. ರೈಲಿನಲ್ಲಿ ಸೋಲ್ಜರುಗಳ ನೂಕುನುಗ್ಗಲು, ಟಿಕೆಟು ಸಿಕ್ಕಿರಲಿಕ್ಕಿಲ್ಲ ಎಂದೆ ನಾನು. ಬುಧವಾರದಿಂದ ಅಮ್ಮನಿಗೆ ಗಂಜಿಯೂ ಇಳಿಯದಾಯಿತು. ನೋವು ಬಂದಾಗ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಿದ್ದಳು. ಹೋದಾಗ ಬಂದಾಗ ಒಂದೇ ಪ್ರಶ್ನೆ, "ಇವತ್ತ್ ಎಂತ ವಾರ?" ಶಾಲೆಯಿಂದ ಬಂದು ಸೈಕಲ್ ಒರಗಿಸುವಾಗಲೂ ಅದೇ. ಗುರುವಾರ ಎಂದರೆ ಹೂಂ ಎಂದು ಕಣ್ಣು ಮುಚ್ಚುತ್ತಿದ್ದಳು. ಶುಕ್ರವಾರ ನನ್ನ ಹೆಂಡತಿಯನ್ನು ಕರೆದು ಕೂದಲು ಬಾಚಿಸಿಕೊಂಡಳು. "ನನ್ ಕಂಡ್ ಅವ ಹೆದ್ರೂಕಾಗ," ಎಂದಳಂತೆ. ಅವಳ ಹಟ ನನಗೆ ಗೊತ್ತು, ಶನಿವಾರದವರೆಗೆ ಅವಳು ಹೋಗುವವಳಲ್ಲ ಎಂದು ನಾನು ನಂಬಿದ್ದೆ. ಅದರಲ್ಲಿ ನಾನು ತಪ್ಪಲಿಲ್ಲ.

ಶನಿವಾರ ಶಾಲೆಗೆ ಹೋಗಲಿಲ್ಲ. ಹನ್ನೊಂದು ಗಂಟೆಯ ಬಿಸಿಲು. ನಾನು ಮಂಚದ ಕಾಲಬುಡದಲ್ಲಿ ಕೂತು ಬೀಸಣಿಗೆ ಬೀಸುತ್ತಿದ್ದೆ, ದಣಪೆಗೆ ಬೆನ್ನು ಹಾಕಿ. ಆದ್ದರಿಂದ ಮೊದಲು ಕಂಡವಳು ಅಮ್ಮ. ಅವಳ ಕಣ್ಣು ಅಗಲವಾಯಿತು, ತುಟಿ ನಗುವುದಕ್ಕೆ ಹೊರಟಿತು, ಹೊರಟದ್ದು ಅರ್ಧಕ್ಕೆ ನಿಂತಿತು. ತಿರುಗಿ ನೋಡಿದೆ.

ಅಣ್ಣಯ್ಯ ದಣಪೆ ದಾಟಿ ಅಂಗಳಕ್ಕೆ ಬಂದು ನಿಂತಿದ್ದ. ಕೈಯಲ್ಲಿ ಒಂದು ಗಂಟು. ಹೆಗಲ ಮೇಲೆ ಬಿಳಿ ಪಂಚೆ, ಅಂಗಿ ಇಲ್ಲ, ಚಪ್ಪಲಿ ಇಲ್ಲ. ತಲೆ ಬೋಳಿಸಿತ್ತು. ಮೀಸೆಯೂ ಇಲ್ಲ. ಒಂದು ವಾರದ ಸಣ್ಣ ಕೂದಲು ಮಾತ್ರ ಬಿಸಿಲಿಗೆ ಕಪ್ಪಗೆ ಕಾಣುತ್ತಿತ್ತು. ಅಪ್ಪ ಹೋದಾಗ ಅವನನ್ನು ಹಾಗೆ ನೋಡಿದ್ದೆ. ಅವನು ಚಾವಡಿಯಲ್ಲಿ ಮಲಗಿದ್ದ ಅಮ್ಮನನ್ನು ಕಂಡ. ಗಂಟು ಅವನ ಕೈಯಿಂದ ಜಾರಿ ಕೆಳಗೆ ಬಿತ್ತು. ಒಳಗಿನಿಂದ ಬಂದ ಅತ್ತೆ ಅವನನ್ನು ಕಂಡು ಬಾಯಿಗೆ ಸೆರಗು ಅಡ್ಡ ಹಿಡಿದಳು.

ಒಂದೇ ಗಳಿಗೆಯಲ್ಲಿ ನನಗೆ ಎಲ್ಲ ತಿಳಿಯಿತು. ತಂತಿ ಕೊಟ್ಟ ಶುಕ್ರವಾರದಿಂದ ಎಣಿಸಿದರೆ ಭಾನುವಾರಕ್ಕೆ ಹತ್ತನೆಯ ದಿನ. ಅವನು ಬಂದದ್ದು ಹತ್ತನೆಯ ದಿನದ ಕರ್ಮಕ್ಕೆ. ನನ್ನ ತಂತಿ ಕಂಡೊಡನೆ ಎಲ್ಲರ ಹಾಗೆ ಅವನೂ ನಲ್ಲಿಗೆ ತಲೆ ಕೊಟ್ಟಿದ್ದ. ಬದುಕಿದ್ದರೆ ಅಮ್ಮ ತನ್ನನ್ನು ಕರೆಸುತ್ತಿರಲಿಲ್ಲ ಎಂಬುದೂ ಅವನಿಗೆ ಗೊತ್ತಿತ್ತು. ಬೆಂಕಿ ತಮ್ಮನ ಕೈಯಿಂದ ಆಗಿಹೋಗಿರುತ್ತದೆ, ಮುಖ ನೋಡುವುದಕ್ಕೆ ಅವಳೇ ಬೇಡವೆಂದಿದ್ದಳು, ಹತ್ತಕ್ಕೆ ಮುಟ್ಟಿದರೆ ಸಾಕು ಎಂದು ಖೋಲಿಯ ಮೂಲೆಯಲ್ಲಿ ಚಾಪೆ ಹಾಸಿಕೊಂಡು ಸೂತಕ ಕೂತಿದ್ದ. ಅವನು ಅಲ್ಲಿ ಕೂತಿದ್ದಷ್ಟು ದಿನ ಇವಳು ಇಲ್ಲಿ ವಾರ ಕೇಳುತ್ತಿದ್ದಳು.

ಅಣ್ಣಯ್ಯ ಮೆಟ್ಟಿಲು ಹತ್ತಿ ಬಂದು ಮಂಚದ ಪಕ್ಕ ಕೂತ. ಅಮ್ಮ ತನ್ನ ಕೈ ಎತ್ತಿ ಅವನ ತಲೆಯ ಮೇಲೆ ಹಿಂದೆ ಮುಂದೆ ಸವರಿದಳು. ಚೌಲದ ದಿನ ಮಗುವಿನ ತಲೆ ಸವರುವ ಹಾಗೆ.

"ನಂಗಾ ಇದ್?" ಎಂದಳು.

"ಅಲ್ಲ ಅಮ್ಮ. ಹರ್ಕಿ. ನಿಂಗ್ ಗುಣ ಆಯ್ಲಿ ಅಂದೇಳಿ ತಿರ್ಪತಿಗೆ ಹೇಳ್ಕಂಡದ್ದ್."

ಸುಳ್ಳು ಹೇಳುವುದರಲ್ಲಿ ಅವನು ಯಾವತ್ತೂ ನನ್ನಷ್ಟು ಜಾಣನಲ್ಲ. ಅಮ್ಮ ಅವನ ಹೆಗಲಿನ ಪಂಚೆ ನೋಡಿದಳು, ಬರಿಗಾಲು ನೋಡಿದಳು.

"ನಾ ಹಿಂದಕ್ ತಕಂಡೆ ಅಂದೇಳಿ ಬರ್ಸಿದ್ದೆ. ಸಿಕ್ಕಿತ್ತಾ?"

ಅಣ್ಣಯ್ಯ ತಲೆ ಎತ್ತಿ ನನ್ನನ್ನು ನೋಡಿದ. ಅವನಿಗೆ ಜಾಗ ಬಿಟ್ಟು ನಾನು ಅಮ್ಮನ ತಲೆಯ ಹಿಂದಕ್ಕೆ ಸರಿದಿದ್ದೆ, ಅವಳಿಗೆ ನನ್ನ ಮುಖ ಕಾಣುತ್ತಿರಲಿಲ್ಲ. ಅವನಿಗೆ ಕಾಣುತ್ತಿತ್ತು. ಒಂದು ಮಾತು ಹೇಳಬೇಕಿತ್ತು ನಾನು. ಅಮ್ಮ, ಅದನ್ನು ನಾನು ಬರೆಯಲೇ ಇಲ್ಲ, ಅವನಿಗೆ ಗೊತ್ತೇ ಇಲ್ಲ. ಇಷ್ಟೇ. ನಾಲಿಗೆ ಒಣಗಿ ಅಂಟಿಕೊಂಡಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ನಾಲಿಗೆ ಚೆನ್ನಾಗಿಯೇ ಇತ್ತು. ಸಾಯುವವಳ ಮುಂದೆ ನಾನು ಸುಳ್ಳುಗಾರನಾಗುತ್ತೇನಲ್ಲ ಎಂದು ಹೆದರಿದೆ. ಒಂಬತ್ತು ದಿನ ಹಗಲಿರುಳು ಚಾಕರಿ ಮಾಡಿದ ಒಳ್ಳೆಯ ಮಗ ನಾನು. ಆ ಒಳ್ಳೆಯತನವನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಬೀಸಣಿಗೆ ಬೀಸುತ್ತಲೇ ಇದ್ದೆ.

ಅಣ್ಣಯ್ಯ ನನ್ನ ಮುಖದಿಂದ ಕಣ್ಣು ತೆಗೆದ.

"ಸಿಕ್ಕಿತ್ತ್ ಅಮ್ಮ," ಎಂದ. "ರಜೆ ಕೊಡ್ಲಿಲ್ಲ."

"ಸಿಕ್ಕಿಯೂ ಎಂಟ್ ದಿನ ಕೂತ್ಕಂಡ್ಯಾ?"

ಅಮ್ಮ ಅವನ ತಲೆಯಿಂದ ಕೈ ತೆಗೆದು ಎದೆಯ ಮೇಲೆ ಇಟ್ಟುಕೊಂಡಳು. ಸ್ವಲ್ಪ ಹೊತ್ತಿಗೆ ಅವನಿಗೆ ಊಟ ಹಾಕಿ ಎಂದು ನನ್ನ ಹೆಂಡತಿಗೆ ಹೇಳಿದಳು. ಆಮೇಲೆ, ಮಂಚವನ್ನು ಒಳಗೆ ಹಾಕಿಬಿಡಿ, ಇಲ್ಲಿ ಬೆಳಕು ಕಣ್ಣಿಗೆ ಹೊಡೆಯುತ್ತದೆ ಎಂದಳು. ಒಂದು ಕಡೆ ಅಣ್ಣಯ್ಯ, ಒಂದು ಕಡೆ ನಾನು ಹಿಡಿದು ಒಳಗಿಟ್ಟೆವು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಬದುಕಿದ್ದವರಿಗೆ ಸಾವಿನ ಸುದ್ದಿ ಹುಟ್ಟಿದರೆ ಆಯಸ್ಸು ಹೆಚ್ಚಾಗುತ್ತದೆ ಎಂದು ಯಾರಿಗೋ ಹೇಳುವ ಹಾಗೆ ಹೇಳುತ್ತಿದ್ದಳು. ಯಾರೂ ಕಿವಿಗೊಡಲಿಲ್ಲ.

ಅವಳು ಇನ್ನೂ ಎರಡು ದಿನ ಇದ್ದಳು. ಅಣ್ಣಯ್ಯ ಪಕ್ಕ ಬಿಟ್ಟು ಏಳಲಿಲ್ಲ. ಬಾಯಿಗೆ ನೀರು ಬಿಟ್ಟರೆ ಕುಡಿಯುತ್ತಿದ್ದಳು, ಮಗ್ಗುಲಾಗಿಸಿದರೆ ಹೊರಳುತ್ತಿದ್ದಳು, ಅವನ ಮೇಲೆ ಸಿಟ್ಟನ್ನೂ ಮಾಡಲಿಲ್ಲ. ಮಾತು ಮಾತ್ರ ಆಡಲಿಲ್ಲ. ವಾರ ಯಾವುದು ಎಂದೂ ಆಮೇಲೆ ಕೇಳಲಿಲ್ಲ. ಆ ಎರಡು ದಿನವೂ ಈಗ ಹೇಳುತ್ತೇನೆ, ಇನ್ನೊಂದು ಗಳಿಗೆಗೆ ಹೇಳುತ್ತೇನೆ ಎಂದು ನಾನು ಕೋಣೆಯ ಬಾಗಿಲವರೆಗೆ ಹೋಗಿ ಬರುತ್ತಿದ್ದೆ. ಸೋಮವಾರ ಸಂಜೆ ದೀಪ ಹಚ್ಚುವ ಮೊದಲು ಹೋದಳು.

ಮಾರನೆಯ ಬೆಳಿಗ್ಗೆ ಕ್ಷೌರಿಕ ಬಂದ. ಬಾವಿಯ ಹತ್ತಿರ ನಮ್ಮಿಬ್ಬರನ್ನೂ ಕೂರಿಸಿದ. ಹಿರಿಯನಿಗೆ ಮೊದಲು. ಅಣ್ಣಯ್ಯ ತಲೆ ತಗ್ಗಿಸಿದ. ತೆಗೆಯುವುದಕ್ಕೆ ಏನೂ ಇಲ್ಲದ ಆ ತಲೆಯನ್ನು ಕ್ಷೌರಿಕ ಒಮ್ಮೆ ನೋಡಿ, ನನ್ನನ್ನು ನೋಡಿ, ನೀರು ಹಚ್ಚಿ ಕತ್ತಿ ಆಡಿಸಿದ. ಚಿಟಿಕೆಯಷ್ಟು ಕರಿ ಪುಡಿ ನೆಲಕ್ಕೆ ಬಿತ್ತು. ಆಮೇಲೆ ನನ್ನ ಕ್ರಾಪು. ರಾಶಿ ರಾಶಿಯಾಗಿ ತೊಡೆಯ ಮೇಲೆ ಬೀಳುತ್ತಿತ್ತು. ಅಷ್ಟು ಹೊತ್ತೂ ಅಣ್ಣಯ್ಯ ಪಕ್ಕದಲ್ಲೇ ಕೂತಿದ್ದ. ಬೈದರೆ ಬೈಯಲಿ, ಹೊಡೆದರೆ ಹೊಡೆಯಲಿ ಎಂದು ನಾನು ಕಾಯುತ್ತಿದ್ದೆ.

ಕ್ಷೌರಿಕ ಕತ್ತಿ ತೊಳೆಯಲು ಅತ್ತ ಹೋದಾಗ, "ಅಣ್ಣಯ್ಯ, ನಾನ್ ಅದ್ನ ಬರೀಲಿಲ್ಲ," ಎಂದೆ.

"ನಂಗೊತ್ತಿತ್ತ್," ಎಂದ ಅವನು. "ನೀ ಈಗ ನಂಗ್ ಎಂತಕ್ ಹೇಳ್ತ್ಯಾ?"